ಸ್ವಲ್ಪ ತಡವಾಗಿ ಹೊರಡಲಿದೆ

ಬಸ್ ನಿಲ್ದಾಣದ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಕೂತು ದಿನವಿಡೀ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದ ಆ ಮನುಷ್ಯನಿಗೆ ಊರಿನ ಪಾಲಿಗೆ ಮುಖವೇ ಇರಲಿಲ್ಲ, ದನಿಯಷ್ಟೇ ಇತ್ತು. ಅಂಗಡಿಗೆ ಹೋಗಿ "ಒಂದು ಸೋಪು ಕೊಡಪ್ಪ" ಅಂದರೆ ಸಾಕು, ಅಂಗಡಿಯವನು ಕೈಯಲ್ಲಿದ್ದದ್ದನ್ನು ಬಿಟ್ಟು ತಲೆಯೆತ್ತುತ್ತಿದ್ದ. "ಸೋಪು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತೆ ಸಾರ್?" ಅಂತ ಕಿಚಾಯಿಸುವವರೂ ಇದ್ದರು. ಎಲ್ಲರ ಬಾಯಲ್ಲೂ ಅವನು ಮೈಕಣ್ಣ. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಮೂಟೆ ಹೊರುವವರಿಗೆ, ಸಿಟ್ಟು ಬಂದಾಗ ಒಡಹುಟ್ಟಿದ ಅಕ್ಕನಿಗೂ ಅವನು ಮೈಕಣ್ಣನೇ.

ಅವನ ಕೆಲಸದಲ್ಲಿ ಒಂದು ವರಸೆ ಇತ್ತು. ಬಸ್ಸು ಕೆಟ್ಟು ನಿಂತಿದೆ, ಇವತ್ತು ಬರುವುದಿಲ್ಲ ಅಂತ ಡಿಪೋದಿಂದ ಫೋನ್ ಬಂದರೆ ಅದನ್ನು ಹಾಗೇ ಕೂಗಿಬಿಡುತ್ತಿರಲಿಲ್ಲ. ಮೊದಲು, "ಪ್ರಯಾಣಿಕರ ಗಮನಕ್ಕೆ, ಬಸ್ಸು ಸ್ವಲ್ಪ ತಡವಾಗಿ ಹೊರಡಲಿದೆ." ಒಂದಷ್ಟು ಹೊತ್ತು ಬಿಟ್ಟು, "ಇನ್ನೂ ತಡವಾಗುವ ಸಂಭವವಿದೆ." ಅಷ್ಟರಲ್ಲಿ ಅವಸರದವರು ಬೇರೆ ಬಸ್ಸು ಹಿಡಿದಿರುತ್ತಿದ್ದರು, ಸಿಟ್ಟಿನವರು ವಿಚಾರಣೆಯ ಕಿಟಕಿ ಹತ್ತಿರ ಕೂಗಾಡಿ ಸುಸ್ತಾಗಿರುತ್ತಿದ್ದರು, ಮಕ್ಕಳೊಂದಿಗರು ಮನೆ ಕಡೆ ತಿರುಗಿರುತ್ತಿದ್ದರು. ಆಮೇಲೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, "ರದ್ದಾಗಿದೆ." ಕೆಟ್ಟ ಸುದ್ದಿಯನ್ನು ಒಂದೇ ತುತ್ತಿನಲ್ಲಿ ಬಾಯಿಗೆ ತುರುಕಬಾರದು ಅನ್ನುವುದು ಅವನ ವಾದ. ಇಷ್ಟು ವರ್ಷದಲ್ಲಿ ನಿಲ್ದಾಣದ ಗಾಜಿಗೆ ಒಂದು ಕಲ್ಲು ಬಿದ್ದಿಲ್ಲ ಅಂದರೆ ಅದು ತನ್ನ ನಾಲಿಗೆಯ ಪುಣ್ಯ ಅಂತ ಒಳಗೊಳಗೇ ಜಂಬ. ಜಂಬ ಪಡಲಿ, ಬೇಡ ಅಂದವರ್ಯಾರು? ಜನಕ್ಕೆ ಹಚ್ಚುವ ಮುಲಾಮನ್ನು ತಾನೇ ಹಚ್ಚಿಕೊಂಡು ಕೂತನಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ಗಂಟಲು ಒಡೆದು ಬಹಳ ದಿನವಾಗಿತ್ತು. ನಿಲ್ದಾಣದ ಉಸ್ತುವಾರಿ ನೋಡಿಕೊಳ್ಳುವ ಕಂಟ್ರೋಲರು, ಹೊಟ್ಟೆ ದೊಡ್ಡದು, ಮನಸ್ಸೂ ದೊಡ್ಡದು, ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಅಲ್ಲಯ್ಯ, ನೀನು ಯಾವುದಾದ್ರೂ ಊರಿನ ಹೆಸರು ಕೂಗಿದ್ರೆ ಆ ಊರಲ್ಲಿ ಯಾರೋ ಸತ್ತಿದಾರೆ ಅನ್ನೋ ಹಾಗೆ ಕೇಳುತ್ತೆ. ಹೋಗಿ ತೋರಿಸ್ಕೊಂಡು ಬಾ," ಅಂತ ಅಟ್ಟಿದ. ದೊಡ್ಡಾಸ್ಪತ್ರೆಯಲ್ಲಿ ಮೂಗಿನೊಳಗೆ ಕೊಳವೆ ಬಿಟ್ಟು ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು, ಮತ್ತೆ ಬರಹೇಳಿದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಸುತ್ತಿ ಬಳಸಿ ಮಾತಾಡುವ ಜಾಯಮಾನದವರಲ್ಲ.

"ಧ್ವನಿಪೆಟ್ಟಿಗೇಲಿ ಗಂಟಿದೆ. ಕ್ಯಾನ್ಸರ್. ಈ ತಿಂಗಳಲ್ಲೇ ಆಪರೇಷನ್ ಮಾಡಿ ಪೆಟ್ಟಿಗೇನೇ ತೆಗೀಬೇಕು. ಮಾತು ಹೋಗುತ್ತೆ. ಆದ್ರೆ ನೀವು ಉಳೀತೀರಿ."

"ಮಾತು ಅಂದ್ರೆ, ಪೂರ್ತಿನಾ?"

"ಪೂರ್ತಿ. ಆಮೇಲೆ ಬೇರೆ ಥರ ಮಾತಾಡೋದನ್ನ ಕಲಿಸೋರಿದಾರೆ. ಅದಕ್ಕೆ ಕಾಲ ಬೇಕು, ನಿಮಗೆ ಕಾಲ ಇರುತ್ತೆ."

ಅವನು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ತಿರುವುತ್ತ ಕೂತ. "ಸ್ವಲ್ಪ ತಡ ಮಾಡಬಹುದಾ, ಡಾಕ್ಟ್ರೇ?"

"ತಡ ಮಾಡೋ ವಿಷಯ ಅಲ್ಲ ಇದು."

ಇಷ್ಟು ನೇರವಾಗಿ ಹೇಳಿದರೂ ಆ ಮನುಷ್ಯನ ಕಿವಿಗೆ ಬಿದ್ದದ್ದು 'ತಡ' ಅನ್ನುವ ಒಂದು ಮಾತು. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದ. ಸೊಸೆಯ ಕಾಲೇಜಿನ ಸಂದರ್ಶನ ಮುಗಿಯಲಿ. ಆಮೇಲೆ ಪೆಟ್ಟಿಗೆ ತೆಗೆಯಲಿ, ಬೀರು ತೆಗೆಯಲಿ, ಏನು ಬೇಕಾದರೂ ತೆಗೆಯಲಿ. ಸಂದರ್ಶನ ಮೂರು ತಿಂಗಳು ದೂರ ಇತ್ತು.

ಸೊಸೆ ಅಂದರೆ ಅಕ್ಕನ ಮಗಳು, ಹದಿನೇಳರ ಹುಡುಗಿ. ಅಕ್ಕ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಮೊಣಕೈವರೆಗೆ ಸುಟ್ಟ ಗೆರೆಗಳು. ಮೂವರೂ ಇದ್ದದ್ದು ಆ ಲಾಂಡ್ರಿಯ ಹಿಂದಿನ ಎರಡು ಕೋಣೆಯಲ್ಲಿ. ಗೋಡೆಯಾಚೆಯ ಬಿಸಿಹಬೆಗೆ ಮನೆಯ ಸುಣ್ಣ ಯಾವತ್ತೂ ನಿಂತದ್ದಿಲ್ಲ. ಭಾವ, ಮಗಳು ತೊಟ್ಟಿಲಲ್ಲಿದ್ದಾಗಲೇ, "ಕೆಲಸ ನೋಡ್ಕೊಂಡು ಬರ್ತೀನಿ" ಅಂತ ಬಸ್ಸು ಹತ್ತಿದವನು ಪತ್ತೆಯಿಲ್ಲ. ಆ ಬಸ್ಸನ್ನು ಕೂಗಿದವನು ಇವನೇ. ತುಂಬು ದನಿಯಲ್ಲಿ, ಎರಡೆರಡು ಸಲ, ಪ್ಲಾಟ್‌ಫಾರಂ ಸಮೇತ. ಅಕ್ಕ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ.

ಹುಡುಗಿ ಬೆಳೆದದ್ದು ಗಾಜಿನ ಕೋಣೆಯ ಮೇಜಿನ ಕೆಳಗೆ. ಅಕ್ಕ ಕೆಲಸಕ್ಕೆ ಹೋದರೆ ಮಗುವನ್ನು ಇವನು ಹೊತ್ತುಕೊಂಡು ಹೋಗುತ್ತಿದ್ದ. ಬಹಳ ವರ್ಷ ಅದಕ್ಕೆ ಮಾತೇ ಬರಲಿಲ್ಲ. ಬಂದ ಮೇಲೂ ಮಾವನ ಎದುರು ಮಾತ್ರ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುವಳೇ ಹೊರತು ಬಾಯಿ ಬಿಡಳು. ನೆಂಟರು ಬಂದರೆ ಬಾಗಿಲ ಹಿಂದೆ. ಮಾವನ ಮುಂದೆ ಮಾತ್ರ ಹುರಿದ ಕಾಳು ಸಿಡಿದ ಹಾಗೆ ಪಟಪಟ ಮಾತಾಡುತ್ತಿದ್ದಳು, ಅದೂ ಬಹುಪಾಲು ಮಣ್ಣಿನ ವಿಷಯ.

ಹೌದು, ಮಣ್ಣು. ನಿಲ್ದಾಣದ ಹಿಂದೆ ಬಸ್ಸು ತೊಳೆಯುವ ಷೆಡ್ಡಿತ್ತು. ಚಕ್ರಕ್ಕೆ ಮೆತ್ತಿದ ಕೆಸರನ್ನು ಹುಡುಗಿ ಚಮಚದಲ್ಲಿ ಕೆರೆದು ಜಾಮಿನ ಬಾಟಲಿಗಳಲ್ಲಿ ತುಂಬಿಡುತ್ತಿದ್ದಳು. ಕೆಂಪು, ಬೂದಿ, ಕಾಡಿಗೆಯಂಥ ಕಪ್ಪು, ಉಪ್ಪುಪ್ಪಾದ ಬಿಳಿ. ಆಮೇಲಾಮೇಲೆ ಬೋರ್ಡು ನೋಡದೆ ಚಕ್ರ ನೋಡಿಯೇ ಬಸ್ಸು ಎಲ್ಲಿಂದ ಬಂತು ಅನ್ನುವಷ್ಟಾದಳು. ಷೆಡ್ಡಿನವರು ಅವಳಿಗೆ ಮಣ್ಣಮ್ಮ ಅಂತ ಹೆಸರಿಟ್ಟರು. "ಬೇರೆಯವರ ಮನೆ ಕಿಟಕೀಲಿ ಹೂವಿನ ಕುಂಡ ಇರುತ್ತೆ, ನಮ್ಮನೇಲಿ ಕೆಸರು ಇರುತ್ತೆ," ಅಂತ ಅಕ್ಕ ಗೊಣಗುತ್ತಲೇ ಬಾಟಲಿಗಳ ಧೂಳು ಒರೆಸುತ್ತಿದ್ದಳು.

ದೂರದ ಊರಿನಲ್ಲಿ ಮಣ್ಣಿನ ವಿದ್ಯೆಯನ್ನೇ ಕಲಿಸುವ ಕಾಲೇಜೊಂದಿದೆ ಅಂತ ಹೇಳಿದ್ದು ಶಾಲೆಯ ವಿಜ್ಞಾನದ ಮೇಷ್ಟ್ರು. ಸೀಟು ಬೆರಳೆಣಿಕೆಯಷ್ಟು. ಅಂಕ ಅರ್ಧ, ಸಂದರ್ಶನ ಅರ್ಧ. ಒಳಗೆ ಕರೆದು ಕೂರಿಸಿ ಅರ್ಧ ಗಂಟೆ ಮಾತಾಡಿಸುತ್ತಾರೆ. ಅಂಕದ ಬಗ್ಗೆ ಹುಡುಗಿಗೆ ಚಿಂತೆ ಇರಲಿಲ್ಲ. ಮಾತು ಅಂದ ಕೂಡಲೇ ಅವಳ ಮುಖ ಸುಣ್ಣದ ಹಾಗಾಯಿತು.

"ಮಾತು ತಾನೇ? ಅದು ನನ್ನ ಇಲಾಖೆ, ಬಿಡು," ಅಂದಿದ್ದ ಮೈಕಣ್ಣ, ಡಾಕ್ಟರ ಬಾಗಿಲು ತುಳಿಯುವ ಮೊದಲೇ. ಅಂದಮೇಲೆ ಅಂದ ಹಾಗೆ. ಈಗ ಹೋಗಿ 'ನನ್ನ ಮಾತು ಕಿತ್ತು ಹಾಕ್ತಾರಂತೆ ಕಣೇ' ಅಂದರೆ ಹುಡುಗಿ ಸಂದರ್ಶನಕ್ಕಿರಲಿ, ಹೊಸ್ತಿಲಾಚೆಗೂ ಹೋಗುವವಳಲ್ಲ. ಮಾವನ ಹಾಸಿಗೆಯ ಪಕ್ಕ ಕೂತುಬಿಡುತ್ತಾಳೆ. ಮುಂದಿನ ವರ್ಷ ನೋಡಿದರಾಯಿತು ಅನ್ನುತ್ತಾಳೆ, ಅದರ ಮುಂದಿನ ವರ್ಷ ತಾಯಿಯ ಜೊತೆ ಇಸ್ತ್ರಿಗೆ ನಿಲ್ಲುತ್ತಾಳೆ. ಅವನ ಲೆಕ್ಕ ಇದು. ಲೆಕ್ಕವೇನೋ ಸರಿಯಿತ್ತು ಅಂತಲೇ ಇಟ್ಟುಕೊಳ್ಳಿ. ಆದರೆ ಹುಡುಗಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಮಾತು ಕಲಿಸುವುದಕ್ಕೆ ಊರಲ್ಲಿ ಇವನೊಬ್ಬನೇ ಇದ್ದನೇ? ಆ ಮೇಷ್ಟ್ರು ಕೇಳಬಹುದಿತ್ತು. ಕಂಟ್ರೋಲರು ಕೇಳಬಹುದಿತ್ತು. ಅಕ್ಕನಿಗಂತೂ ಜನ್ಮವೆಲ್ಲ ಪ್ರಶ್ನೆ ಕೇಳಿಯೇ ಅಭ್ಯಾಸ. ಅಷ್ಟು ವರ್ಷ ಇಡೀ ಊರು ತನ್ನ ಬಾಯನ್ನೇ ಕಾದಿದ್ದರಿಂದ, ಆ ಬಾಯಿ ಇಲ್ಲದಿದ್ದರೆ ಯಾವ ಬಸ್ಸೂ ಹೊರಡುವುದಿಲ್ಲ ಅಂತ ನಂಬಿಬಿಟ್ಟಿದ್ದ.

ಮನೆಗೆ ಬಂದವನು, "ಡಾಕ್ಟ್ರು ಏನಂದ್ರೋ?" ಅಂದ ಅಕ್ಕನಿಗೆ, "ಧೂಳು. ಬಸ್ ಸ್ಟ್ಯಾಂಡಿನ ಧೂಳು ಗಂಟಲಿಗೆ ಕೂತಿದೆಯಂತೆ," ಅಂದ.

"ಧೂಳು ತಿಂದು ಧೂಳು ಉಗುಳೋ ಕೆಲಸ. ನಿನ್ನ ಬಾಯಿಗೆ ಸಂಬಳ, ನನ್ನ ಬಾಯಿಗೆ ಬಯ್ಗುಳ," ಅಂತ ಅವಳು ಉಪ್ಪುನೀರು ಕಾಯಿಸಲು ಎದ್ದಳು.

ಅವತ್ತೇ ತಾಲೀಮು ಶುರುವಾಯಿತು. ಕೋಣೆಯ ಒಂದು ಗೋಡೆಗೆ ಕುರ್ಚಿ ಹಾಕಿಕೊಂಡು ಅವನು ಕೂತ, ಎದುರು ಗೋಡೆಗೆ ಹುಡುಗಿಗೊಂದು ಸ್ಟೂಲು. ಒಬ್ಬನೇ ಮೂವರು ಪರೀಕ್ಷಕರಾದ. ನಡುವೆ ದಪ್ಪ ದನಿಯ ಅಧ್ಯಕ್ಷರು, ಮೀಸೆಯೊಳಗಿಂದ ಮಾತಾಡುವವರು. ಎಡಕ್ಕೆ ತೆಳ್ಳನೆ ದನಿಯ ಮೇಡಂ, ನಗುನಗುತ್ತಲೇ ಕತ್ತು ಕುಯ್ಯುವವರು. ಬಲಕ್ಕೆ ಅರೆನಿದ್ದೆಯ ಮುದುಕರು, ಎಲ್ಲ ಮುಗಿದ ಮೇಲೆ ಎಚ್ಚರಾಗಿ ಬುಡದಿಂದ ಕೇಳುವವರು. ಮೂವರಿಗೂ ಬೇರೆ ಬೇರೆ ದನಿ, ಬೇರೆ ಬೇರೆ ಕೆಮ್ಮು.

"ಏನಮ್ಮ, ಮಣ್ಣು ಓದಿ ಏನು ಮಾಡ್ತೀಯ? ಮಡಕೆ ಮಾಡ್ತೀಯ?" ಅಂದರು ಅಧ್ಯಕ್ಷರು.

ಹುಡುಗಿ ಕಿಸಕ್ಕನೆ ನಕ್ಕಳು.

"ನಗಬಾರದಮ್ಮ, ನಕ್ಕರೆ ಸೀಟು ಹೋಯ್ತು," ಅಂದರು ಮೇಡಂ, ಬೆಲ್ಲದಂಥ ದನಿಯಲ್ಲಿ.

"ಮಡಕೆ ಅಲ್ಲ ಸಾರ್..." ಅಂತ ಅವಳು ಸ್ಟೂಲಿಗೇ ಹೇಳಿಕೊಂಡಳು.

"ಯಾರಿಗೆ ಹೇಳ್ತಿದೀಯ? ಸ್ಟೂಲಿಗೆ ಸೀಟು ಕೊಡೋ ಅಧಿಕಾರ ಇಲ್ಲ," ಅಂದರು ಮುದುಕರು, ಆಕಳಿಸುತ್ತ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳು ನಗುವುದು ನೋಡಿ ಅವಳೂ ಸೆರಗು ಬಾಯಿಗಿಟ್ಟುಕೊಂಡಳು. ಆ ಮನೆಯಲ್ಲಿ ಅಷ್ಟು ಖುಷಿಯ ದಿನಗಳು ಬೇರೆ ಇರಲಿಲ್ಲ. ಅದನ್ನು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ.

ಸಂದರ್ಶನವೊಂದೇ ಅಲ್ಲ, ಆಚೆಗಿನದನ್ನೂ ಅವನು ಯೋಚಿಸಿದ್ದ. ಹಾಸ್ಟೆಲಿನಲ್ಲಿ ಬಾಯಿಲ್ಲದವರ ಬಕೆಟ್ಟು ಮೊದಲು ಹೋಗುತ್ತದೆ ಅನ್ನುವುದು ಅವನ ಅಭಿಪ್ರಾಯ. ಹಾಗಾಗಿ "ಅದು ನನ್ನ ಬಕೆಟ್ಟು" ಅಂತ ಹೇಳಿಸಿದ. ಮೊದಲು ನಯವಾಗಿ, ಆಮೇಲೆ ಗಟ್ಟಿಯಾಗಿ, ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು. ಊಟದ ಸಾಲಿನಲ್ಲಿ ಮುಂದೆ ನುಗ್ಗುವವಳಾದ. ಸಹಿ ಹಾಕದೆ ನಾಳೆ ಬಾ ಅನ್ನುವ ಗುಮಾಸ್ತನಾದ. ತರಗತಿಯಲ್ಲಿ ಅರ್ಥವಾಗದ್ದನ್ನು ಕೈಯೆತ್ತಿ ಕೇಳುವುದು ಹೇಗೆ, ಜ್ವರ ಬಂದರೆ ವಾರ್ಡನ್ನಿಗೆ ಹೇಳುವುದು ಹೇಗೆ, ಮನೆ ನೆನಪಾಗಿ ಅಳು ಬಂದರೆ ಯಾರ ಹತ್ತಿರ ಹೋಗಿ ಕೂರುವುದು, ಎಲ್ಲ ಆಯಿತು. ರಜೆಯ ದಿನ ಬಸ್ಸು ತೊಳೆಯುವ ಷೆಡ್ಡಿಗೆ ಕರೆದುಕೊಂಡು ಹೋಗಿ, ನೀರಿನ ಪಂಪಿನ ಗದ್ದಲದ ಆಚೆ ಬದಿ ನಿಲ್ಲಿಸಿ, ಮಣ್ಣಿನ ಬಗ್ಗೆ ಭಾಷಣ ಮಾಡಿಸಿದ. ತೊಳೆಯುವವರು ಪೈಪು ಕೆಳಗಿಟ್ಟು ಕೇಳಿದರು. ಒಬ್ಬ ಚಪ್ಪಾಳೆಯನ್ನೂ ಹೊಡೆದ. ಹುಡುಗಿಯ ಕೆನ್ನೆ ಕೆಂಪಾಯಿತು, ಆದರೆ ಓಡಿಹೋಗಲಿಲ್ಲ.

ಮೊದಲು ಹೋದದ್ದು ಮೇಡಂ. ಒಂದು ಸಂಜೆ ಆ ತೆಳ್ಳನೆ ದನಿ ಎತ್ತಲು ಹೋದ, ಗಂಟಲಿನಿಂದ ತಗಡು ಎಳೆದಂಥ ಸದ್ದು ಬಂತು. ಎರಡನೇ ಸಲವೂ ಅದೇ. "ಮೇಡಂ ರಜೆ ಮೇಲೆ ಹೋಗಿದಾರೆ," ಅಂದ ತಕ್ಷಣ. ಹುಡುಗಿ ನಕ್ಕಳು. ಅಕ್ಕ ನಗಲಿಲ್ಲ.

"ಧೂಳಿಗೆ ಇಷ್ಟು ದಿನಾನಾ?"

"ಅದರ ಮೇಲೆ ನೆಗಡಿ ಬೇರೆ ಸೇರ್ಕೊಂಡಿದೆ ಅಕ್ಕ."

ಹುಡುಗಿ ಅವನ ಮುಖ ನೋಡಿದಳು. ಒಂದು ಗಳಿಗೆ ಹೆಚ್ಚೇ ನೋಡಿದಳು ಅನ್ನಬೇಕು. ಆಮೇಲೆ ಎದ್ದು ಕಿಟಕಿಯಲ್ಲಿನ ಬಾಟಲಿಗಳನ್ನು ಸುಮ್ಮನೆ ಆಚೀಚೆ ಸರಿಸಿದಳು.

ಸ್ವಲ್ಪ ದಿನಕ್ಕೆ ಮುದುಕರೂ ಬರುವುದನ್ನು ಬಿಟ್ಟರು. ಅಧ್ಯಕ್ಷರೊಬ್ಬರೇ ಉಳಿದರು, ಅವರ ದನಿಯೂ ಮೀಸೆ ಬಿಟ್ಟು ಆಚೆ ಬರುತ್ತಿರಲಿಲ್ಲ. ನಿಲ್ದಾಣದಲ್ಲಿ ಕಂಟ್ರೋಲರು ಅವನನ್ನು ಗಾಜಿನ ಕೋಣೆಯಿಂದ ಇಳಿಸಿ, ಕಳೆದುಹೋದ ಸಾಮಾನು ಇಡುವ ಕೋಣೆಗೆ ಹಾಕಿ, ತಾನೇ ಮೈಕಿನ ಮುಂದೆ ಕೂತ. ಕಂಟ್ರೋಲರು ಬಸ್ಸು ಕೂಗಿದರೆ ಬಸ್ಸಿಗೇ ಬೈದ ಹಾಗಿರುತ್ತಿತ್ತು. ಜನ ನಗುತ್ತಿದ್ದರು. ಮೈಕಣ್ಣ ಯಾರದೋ ಛತ್ರಿಗಳ ನಡುವೆ ಕೂತು ಅದನ್ನು ಕೇಳುತ್ತಿದ್ದ. "ಮೈಕು ಕೆಟ್ಟಿದೆ ಅಕ್ಕ, ರಿಪೇರಿ ಆಗೋವರೆಗೂ ಕೆಳಗೆ ಹಾಕಿದಾರೆ," ಅಂತ ಮನೆಯಲ್ಲಿ ಹೇಳಿದ. ಅಕ್ಕ ಇಸ್ತ್ರಿ ಮಾಡಿ ಸೋತ ತೋಳುಗಳನ್ನು ನೀವಿಕೊಳ್ಳುತ್ತ ನಂಬಿದಳು. ತಮ್ಮ ಸುಳ್ಳು ಹೇಳುತ್ತಾನೆ ಅಂತ ಅವಳಿಗೆ ಅನ್ನಿಸಲೇ ಇಲ್ಲ.

ಆಸ್ಪತ್ರೆಯಿಂದ ಫೋನ್ ಬಂದರೆ ಕತ್ತರಿಸುತ್ತಿದ್ದ. ಒಮ್ಮೆ ಡಾಕ್ಟರಮ್ಮ ತಾವೇ ಮಾಡಿದಾಗ, "ಮನೇಲಿ ಒಂದು ಶುಭಕಾರ್ಯ ಇದೆ, ಮುಗಿಸ್ಕೊಂಡು ಬರ್ತೀನಿ," ಅಂದ. ಆ ಕಡೆಯಿಂದ ಏನೋ ಜೋರಾಗಿ ಕೇಳಿಸಿತು. ಇವನು ಫೋನನ್ನು ಮೆಲ್ಲಗೆ ಕೆಳಗಿಟ್ಟ.

ಸಂದರ್ಶನದ ಹಿಂದಿನ ವಾರ, ತಾಲೀಮಿನ ನಡುವೆ, ಹುಡುಗಿ ಒಂದು ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದಳು.

"ಮಾವ."

"ಏನು?" ಅಂದ ಅವನು. ದನಿ ಬರೀ ಗಾಳಿ.

ಅವಳು ತುಟಿ ಕಚ್ಚಿಕೊಂಡು ಸ್ಟೂಲಿನ ಅಂಚು ಹಿಡಿದು ಕೂತಳು. "ಏನಿಲ್ಲ. ಮುಂದಿನ ಪ್ರಶ್ನೆ ಕೇಳು."

ಅವನು ಕೇಳಿದ.

ಕಾಲೇಜಿಗೆ ಇಬ್ಬರೂ ಹೋದರು. ದಾರಿಯುದ್ದಕ್ಕೂ ಅವಳು ಕಿಟಕಿಯಲ್ಲಿ ಮಣ್ಣು ನೋಡಿದಳು, ಅವನು ಅವಳನ್ನು ನೋಡಿದ. ಉಸಿರೆಳೆದರೆ ಒಳಗೆಲ್ಲೋ ಸೀಟಿ ಹೊಡೆದ ಹಾಗಾಗುತ್ತಿತ್ತು, ಕೆಮ್ಮಿ ಮರೆಸುತ್ತಿದ್ದ. ಉದ್ದನೆಯ ಮೊಗಸಾಲೆ, ಗೋಡೆಗೆ ಒರಗಿಸಿದ ಬೆಂಚು, ಬೆಂಚಿನ ತುಂಬ ತಮ್ಮ ತಮ್ಮ ಮಕ್ಕಳ ಕೂದಲು ಸರಿಮಾಡುತ್ತಿದ್ದ ತಂದೆತಾಯಿಗಳು. ಹೆಸರು ಕೂಗಿದರು, ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ಅವನು ಎದ್ದು ಹೋಗಿ ನಾಚಿಕೆ ಬಿಟ್ಟು ಬಾಗಿಲಿಗೆ ಕಿವಿಯಿಟ್ಟ.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ಗಂಡು ದನಿ ಏನೋ ಕೇಳಿತು. ಆಮೇಲೆ ಅವಳ ದನಿ. ಒಂದೊಂದು ಪದವೂ ಬಿಡಿಬಿಡಿಯಾಗಿ, ಬಾಗಿಲನ್ನು ದಾಟಿ, ಮೊಗಸಾಲೆಗೂ ಬಂತು. ನದಿ ಬದಿಯ ಮಣ್ಣು ಯಾಕೆ ಬೂದಿಬಣ್ಣ, ಗುಡ್ಡದ ಮಣ್ಣು ಯಾಕೆ ನೀರು ಹಿಡಿಯುವುದಿಲ್ಲ, ಚಕ್ರಕ್ಕೆ ಹತ್ತಿದ ಮಣ್ಣು ಎಷ್ಟು ದೂರ ಬರುತ್ತದೆ. ಒಳಗೆ ಯಾರೋ ನಕ್ಕರು, ಮತ್ತೇನೋ ಕೇಳಿದರು, ಅವಳೂ ನಕ್ಕು ಉತ್ತರ ಕೊಟ್ಟಳು. ಗುರುತು ಪರಿಚಯ ಇಲ್ಲದವರ ಮುಂದೆ ನಕ್ಕಳು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು, "ನಿಮ್ಮ ಮಗಳಾ?" ಅಂದಳು. ಅವನು ಹೌದೆಂದು ತಲೆಯಾಡಿಸಿ ಗೋಡೆ ಕಡೆ ತಿರುಗಿ ನಿಂತು ಅತ್ತ. ಅವತ್ತು ಅವನಷ್ಟು ಸುಖಿ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಅವತ್ತೇ ವಾಪಸು ಬರುವಾಗ ಆಸ್ಪತ್ರೆಯ ಹಾದಿ ಹಿಡಿದಿದ್ದರೂ ಆಗುತ್ತಿತ್ತು. ಇಲ್ಲ. ಫಲಿತಾಂಶ ಬರಲಿ ಅಂದುಕೊಂಡ. ಈಗ ಹೇಳಿದರೆ ಸೀಟು ಬಂದರೂ ಅವಳು ಬೇಡ ಅನ್ನಬಹುದು. ಇನ್ನೂ ತಡವಾಗುವ ಸಂಭವವಿದೆ. ಅವನು ತನಗೆ ತಾನೇ ಕೂಗಿಕೊಂಡ, ತನ್ನ ಮಾತನ್ನು ತಾನೇ ನಂಬಿದ. ಊರಿನ ಜನವಾದರೂ ಕಿಟಕಿಗೆ ಬಂದು ಜಗಳ ಆಡುತ್ತಿದ್ದರು, ಇವನು ಅದನ್ನೂ ಮಾಡಲಿಲ್ಲ.

ಸೀಟು ಸಿಕ್ಕಿತು. ಕಂಟ್ರೋಲರು ನಿಲ್ದಾಣದವರಿಗೆಲ್ಲ ಟೀ ಹಂಚಿ, ಮೈಕಿನಲ್ಲಿ, "ನಮ್ಮ ಮಣ್ಣಮ್ಮನಿಗೆ ಕಾಲೇಜು ಸಿಕ್ಕಿದೆ, ಪ್ರಯಾಣಿಕರು ದಯವಿಟ್ಟು ಗಮನಿಸಿ," ಅಂತ ಕೂಗಿದ. ಅದೇ ರಾತ್ರಿ ಮೈಕಣ್ಣನಿಗೆ ಉಸಿರು ಕಟ್ಟಿತು.

ಆಸ್ಪತ್ರೆಯಲ್ಲಿ ಅವಸರವಸರವಾಗಿ ಕತ್ತಿಗೆ ತೂತು ಮಾಡಿ, ಕೊಳವೆ ಇಟ್ಟು ಉಸಿರು ಉಳಿಸಿದರು. ಬೆಳಗ್ಗೆ ಡಾಕ್ಟರಮ್ಮ ಬಂದರು. ಪಡಸಾಲೆಯಲ್ಲಿ ಅಕ್ಕನೂ ಹುಡುಗಿಯೂ ನಿಂತಿದ್ದರು. ಅವರಿಗೆ ಅವನು ಏನೂ ಹೇಳಿಲ್ಲ ಅನ್ನುವುದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ.

"ಶುಭಕಾರ್ಯ ಮುಗೀತಾ?" ಅಂದರು, ಸಿಟ್ಟಿನಲ್ಲೇ. "ನಾಲ್ಕು ತಿಂಗಳ ಹಿಂದೆ ಹೇಳಿದ್ದೆ. ಆಗ ಬಂದಿದ್ರೆ ಮಾತು ಹೋಗ್ತಿತ್ತು, ಅಷ್ಟೇ. ಈಗ ಗಂಟು ಕತ್ತಿಗೆಲ್ಲ ಹರಡಿದೆ, ಶ್ವಾಸಕೋಶಕ್ಕೂ ಇಳಿದಿದೆ. ನೋವು ಕಮ್ಮಿ ಮಾಡ್ತೀವಿ. ಅದಕ್ಕಿಂತ ಹೆಚ್ಚು ನಮ್ಮ ಕೈಲಿಲ್ಲ."

ಅಕ್ಕ ಗೋಡೆಗೆ ಒರಗಿದಳು. ನಾಲ್ಕು ತಿಂಗಳು ಅಂದರೆ ಯಾವಾಗ ಅಂತ ಲೆಕ್ಕ ಹಾಕುವುದು ಅವಳಿಗೆ ಬೇಕಾಗಲಿಲ್ಲ. ಕೋಣೆಯಲ್ಲಿ ಕುರ್ಚಿ, ಸ್ಟೂಲು ಹಾಕಿದ ದಿನ ಅವಳ ಕಣ್ಣ ಮುಂದೆಯೇ ಇತ್ತು. ಒಳಗೆ ಹೋಗಿ ತಮ್ಮನ ಹಾಸಿಗೆಯ ಕಂಬಿ ಹಿಡಿದುಕೊಂಡು, "ನಿನ್ನ ನಾಲಿಗೆ ಸೇದಿ ಹೋಗ," ಅಂತ ಶುರು ಮಾಡಿದವಳು, ಆಡಿದ ಮಾತು ಏನು ಅಂತ ತಿಳಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದಳು. ಹುಡುಗಿ ಅಳಲಿಲ್ಲ, ಮಾತೂ ಆಡಲಿಲ್ಲ. ಮನೆಯಲ್ಲೂ ಆಡಲಿಲ್ಲ. ಅವಳು ಮತ್ತೆ ಮೇಜಿನ ಕೆಳಗಿನ ಮಗುವಾಗಿದ್ದಳು.

ಕಾಲೇಜಿಗೆ ಹೋಗುವುದಿಲ್ಲ ಅಂತ ಅವಳು ಹೇಳಲಿಲ್ಲ, ಹೋಗುತ್ತೇನೆ ಅಂತಲೂ ಹೇಳಲಿಲ್ಲ. ಪೆಟ್ಟಿಗೆ ಕಟ್ಟಿದ್ದು ಅಕ್ಕ. ಕಟ್ಟುತ್ತ ಕಟ್ಟುತ್ತ, "ಹೋಗ್ಬೇಕು. ನೀನು ಹೋಗದೇ ಇದ್ರೆ ಅವನು ಮಾಡ್ಕೊಂಡಿದ್ದು ಯಾತಕ್ಕೂ ಬಾರದ ಹಾಗಾಗುತ್ತೆ," ಅಂದಳು. ಒಂದು ಬಟ್ಟೆಯನ್ನು ಮೂರು ಸಲ ಮಡಿಸಿದಳು. ಹುಡುಗಿ ತಾಯಿಯ ಕೈಯನ್ನೇ ನೋಡುತ್ತ ಕೂತಿದ್ದಳು.

ಹೊರಡುವ ದಿನ ಮಧ್ಯಾಹ್ನ ಅವಳು ಮಾವನ ಹತ್ತಿರ ಒಬ್ಬಳೇ ಬಂದಳು. ಎಂಟು ಹಾಸಿಗೆಯ ವಾರ್ಡು, ಕಿಟಕಿ ಬದಿಯದು ಅವನದು. ಮುಖ ಅರ್ಧಕ್ಕರ್ಧ ಇಳಿದಿತ್ತು. ಬರೆದು ತೋರಿಸುವುದಕ್ಕೆ ನರ್ಸಮ್ಮ ಒಂದು ಸ್ಲೇಟು ಕೊಟ್ಟಿದ್ದರು, ಮಕ್ಕಳ ಸ್ಲೇಟು. ಅವಳನ್ನು ಕಂಡದ್ದೇ ಅವನ ಕಣ್ಣು ಅರಳಿತು. ಬ್ಯಾಗು ನೋಡಿದ, ಹೊಸ ಚಪ್ಪಲಿ ನೋಡಿದ, ಚೆನ್ನಾಗಿದೆ ಅಂತ ಕೈ ಮಾಡಿದ.

ಹುಡುಗಿ ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ ಮಾತಾಡಿದಳು.

"ಮಾವ, ಎಷ್ಟೊಂದು ಪ್ರಶ್ನೆ ಕೇಳಿದೆ ನನ್ನ. ಬಕೆಟ್ಟಿನವರೆಗೂ ಕೇಳಿದೆ. ಒಂದನ್ನ ಕೇಳಲಿಲ್ಲ. ನಿಂಗೆ ಕಾಲೇಜು ಬೇಕಾ, ನಾನು ಬೇಕಾ, ಅಂತ."

ಅವನು ಸ್ಲೇಟನ್ನು ಹತ್ತಿರ ಎಳೆದುಕೊಂಡ. ಬಳಪ ಹಿಡಿದು ಬರೆದ: ಕೇಳಿದ್ದರೆ ಏನಂತಿದ್ದೆ?

"ಅದನ್ನ ಹೇಳೋಕೇ ಬಂದೆ," ಅಂದಳು. ದನಿ ನಡುಗಲಿಲ್ಲ. ಪಕ್ಕದ ಹಾಸಿಗೆಯವನು ಇತ್ತ ತಿರುಗಿದ. "ನಂಗೆ ಗೊತ್ತಿತ್ತು ಮಾವ. ಮೊದಲು ಧೂಳು ಅಂದೆ. ಆಮೇಲೆ ನೆಗಡಿ ಅಂದೆ. ಆಮೇಲೆ ಮೈಕು ಕೆಟ್ಟಿದೆ ಅಂದೆ. ನಾನು ಆ ಕೋಣೇಲೇ ಬೆಳೆದೋಳಲ್ವಾ? ನೀನು ತಡ ಅಂತ ಎರಡು ಸಲ ಕೂಗಿದ್ರೆ ಮೂರನೇ ಸಲ ಏನು ಕೂಗ್ತೀಯ ಅಂತ ಅಮ್ಮಂಗೆ ಗೊತ್ತಿಲ್ಲ, ನಂಗೆ ಗೊತ್ತು. ಅವತ್ತೊಂದಿನ ಕೇಳೋಣ ಅಂತ ಬಾಯಿ ತೆಗೆದೆ. ಕೇಳಿದ್ರೆ ನೀನು ನಿಜ ಹೇಳಿಬಿಡ್ತೀಯ ಅಂತ ಭಯ ಆಯ್ತು. ನಿಜ ಹೇಳಿದ್ರೆ ನಾನು ಹೋಗೋ ಹಾಗಿರಲಿಲ್ಲ. ನಂಗೆ ಹೋಗಬೇಕಿತ್ತು ಮಾವ. ತುಂಬಾ ಹೋಗಬೇಕಿತ್ತು. ಅದಕ್ಕೆ ಸುಮ್ಮನಿದ್ದೆ."

ವಾರ್ಡಿನ ಕೊನೆಯ ಹಾಸಿಗೆಯವರಿಗೂ ಪ್ರತಿಯೊಂದು ಪದ ಕೇಳಿಸಿತು. ಅಷ್ಟು ಚೆನ್ನಾಗಿ ಕಲಿಸಿದ್ದ ಅವನು.

ಮೈಕಣ್ಣನಿಗೆ ಸಾವಿನ ಭಯ ಆವರೆಗೆ ಅಷ್ಟಾಗಿ ಇರಲಿಲ್ಲ, ತನ್ನ ಪಾಲಿನ ಕೆಲಸ ಮುಗಿಸಿದ್ದೇನೆ ಅಂತಿದ್ದ. ಈಗ ಅವನಿಗೆ ಭಯವಾಯಿತು. ತಾನು ಕೂಸಿಗೆ ಕೊಟ್ಟದ್ದು ಕಾಲೇಜು ಅಂದುಕೊಂಡಿದ್ದ. ಈ ಹದಿನೇಳರ ಹುಡುಗಿ ಮುಪ್ಪಾಗುವವರೆಗೂ ಹೊತ್ತು ತಿರುಗಬೇಕಾದ್ದನ್ನು ಅದರ ಜೊತೆಗೇ ಕಟ್ಟಿ ಕೊಟ್ಟಿದ್ದ. ಗಡಿಬಿಡಿಯಲ್ಲಿ ಸ್ಲೇಟನ್ನು ಅಂಗೈಯಿಂದಲೇ ಉಜ್ಜಿ, ದೊಡ್ಡ ದೊಡ್ಡದಾಗಿ ಬರೆದ: ತಪ್ಪು ನಿನ್ನದಲ್ಲ. ಬರೆದು ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ತೋರಿಸಿದ.

ಹುಡುಗಿ ಓದಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ನೀನು ಬಾಯಲ್ಲಿ ಹೇಳಿದ್ರೆ ನಂಬ್ತಿದ್ದೆ ಮಾವ," ಅಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಅವನು ಬಾಯಿ ತೆರೆದ. ತುಟಿ ಆಡಿಸಿದ, ನಾಲಿಗೆ ಆಡಿಸಿದ, ಕತ್ತಿನ ನರ ಉಬ್ಬುವವರೆಗೆ ಒತ್ತಿದ. ಉಸಿರೆಲ್ಲ ಕೊಳವೆಯಲ್ಲಿ ಬುಸ್ಸೆಂದು ಆಚೆ ಹೋಯಿತು. ಅವಳು ಅವನ ಬಾಯನ್ನೇ ನೋಡುತ್ತ ಕಾದಳು. ಬಹಳ ಹೊತ್ತು ಕಾದಳು. ಆಮೇಲೆ ಅಕ್ಕ ವಾರ್ಡಿನ ಬಾಗಿಲಿಗೆ ಬಂದು, ಬಸ್ಸಿಗೆ ಹೊತ್ತಾಯಿತು ಬಾ ಅಂತ ಮಗಳನ್ನು ಕರೆದಳು.